ಬಡತನವೂ ಬೊಜ್ಜು ತರುತ್ತದೆ

ಬಡತನವೆಂದರೆ ಬತ್ತಿದ ಕೆನ್ನೆ, ಎಲುಬು ಕಾಣುವ ಮೈ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಬಲವಾಗಿ ಬೇರೂರಿದೆ. ಬೊಜ್ಜು ಉಳ್ಳವರ ಕಾಯಿಲೆ, ಅದು ವಾಯುವಿಹಾರಕ್ಕೂ ಜಿಮ್‌ಗೂ ಸೇರಿದ ಚಿಂತೆ ಎಂಬುದು ಅದೇ ಚಿತ್ರದ ಇನ್ನೊಂದು ಮಗ್ಗುಲು. ತುಮಕೂರು ರಸ್ತೆಯ ಮಾಕಳಿಯಲ್ಲಿ ಬೆಳಗಿನ ಹೊತ್ತು ಪೀಣ್ಯದ ಕಡೆಗೆ ಹೋಗುವ ವಾಹನಗಳಿಗಾಗಿ ಕಾದು ನಿಂತ ಮಹಿಳೆಯರನ್ನು ಗಮನಿಸಿದರೆ, ಈ ಚಿತ್ರ ಹಳತಾಗಿದೆ ಎಂಬುದು ಮನವರಿಕೆಯಾಗುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸದವರು, ಕಸ ಗುಡಿಸುವವರು ಇವರಲ್ಲಿದ್ದಾರೆ. ಎಷ್ಟೋ ಮಂದಿಗೆ ನಲವತ್ತರೊಳಗೇ ಮಂಡಿನೋವು, ಏದುಸಿರು. ಕಾರಣ ಕೇಳಿದರೆ, ‘ಆಪರೇಷನ್ ಆದಮೇಲೆ ಮೈ ಬಂತು’ ಎಂಬ ಒಂದೇ ಉತ್ತರ.

ಇದು ಒಂದು ಊರಿನ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಅತಿತೂಕ ಅಥವಾ ಬೊಜ್ಜು ಉಳ್ಳವರ ಪ್ರಮಾಣ 2015-16ರಲ್ಲಿ ಶೇ 23.3 ಇದ್ದದ್ದು 2019-21ರಲ್ಲಿ ಶೇ 30.1ಕ್ಕೆ ಏರಿತು. ಇದೇ ಅವಧಿಯಲ್ಲಿ ರಕ್ತಹೀನತೆಯೂ ಶೇ 44.8ರಿಂದ ಶೇ 47.8ಕ್ಕೆ ಹೆಚ್ಚಿತು. ತೂಕ ಏರುತ್ತಿದೆ, ರಕ್ತ ಇಳಿಯುತ್ತಿದೆ. ಬೊಜ್ಜಿನ ಪ್ರಮಾಣ ಈಗಲೂ ಅನುಕೂಲಸ್ಥರಲ್ಲೇ ಹೆಚ್ಚು ಎಂಬುದು ನಿಜ. ಆದರೆ ಅವರಿಗೆ ವೈದ್ಯರಿದ್ದಾರೆ, ವಿಮೆ ಇದೆ, ಬಿಡುವಿದೆ. ಬಡ ಹೆಣ್ಣುಮಗಳಿಗೆ ಇವು ಯಾವುವೂ ಇಲ್ಲ.

ಮೊದಲ ಕಾರಣ ತಟ್ಟೆಯಲ್ಲಿದೆ. ಮಾಕಳಿ, ನೆಲಮಂಗಲ, ಮಾಗಡಿಯ ಸೀಮೆ ಮೂಲತಃ ರಾಗಿಯ ಸೀಮೆ. ಮುದ್ದೆಯ ಜೊತೆಗೆ ಹುರುಳಿ, ಅವರೆ, ಹೊಲದ ಬದುವಿನ ಸೊಪ್ಪು ಇಲ್ಲಿನ ಊಟವಾಗಿತ್ತು. ಹೊಲಗಳು ಬಡಾವಣೆಗಳಾದವು, ದುಡಿಮೆ ಅರಸಿ ಬಂದವರು ಹತ್ತಡಿ ಕೋಣೆಗಳಲ್ಲಿ ಬಾಡಿಗೆಗೆ ನಿಂತರು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಈ ಮನೆಗಳಿಂದ ಹಸಿವನ್ನು ಹಿಮ್ಮೆಟ್ಟಿಸಿತು. ಆ ಯೋಜನೆಯನ್ನು ಹಗುರವಾಗಿ ಕಾಣುವವರ ಸಾಲಿಗೆ ನಾನು ಸೇರಿದವಳಲ್ಲ. ಆದರೆ ಅಕ್ಕಿಯ ಜೊತೆಗೆ ಬೇಕಾದ ಬೇಳೆ, ತರಕಾರಿ, ಮೊಟ್ಟೆ, ಹಾಲನ್ನು ಕೊಳ್ಳುವುದಕ್ಕೆ ಸಂಬಳ ಸಾಲದು. ಹೀಗಾಗಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅದೇ ಡಬ್ಬಿ, ರಾತ್ರಿ ತಿಳಿಸಾರಿನ ಅನ್ನ; ನಡುವೆ ಸಕ್ಕರೆ ಹೆಚ್ಚಿರುವ ಟೀ, ಬನ್ನು, ಪಾಮೆಣ್ಣೆಯಲ್ಲಿ ಕರಿದ ಬೋಂಡ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿಯ ಪಾಲಿಗೆ ಉಳಿಯುವುದು ಅನ್ನವೇ ಹೊರತು ಪಲ್ಯವಲ್ಲ. ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ.

ಎರಡನೆಯ ಕಾರಣ ಹುಟ್ಟಿಗೂ ಮೊದಲಿನದು. ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕದ ದಾಖಲೆಗಳಿದ್ದವು. ಅವನ್ನು ಆಧರಿಸಿ 1996ರಲ್ಲಿ ಪ್ರಕಟವಾದ ಅಧ್ಯಯನವು, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಹೃದ್ರೋಗ ಹೆಚ್ಚಾಗಿ ಕಾಣಿಸಿಕೊಂಡಿರುವುದನ್ನು ತೋರಿಸಿತು. ಗರ್ಭದಲ್ಲೇ ಅರೆಹೊಟ್ಟೆಗೆ ಒಗ್ಗಿಕೊಂಡ ಶರೀರ, ಮುಂದೆ ಸಿಕ್ಕ ಅನ್ನವನ್ನು ಕೊಬ್ಬಾಗಿ ಕೂಡಿಡುತ್ತದೆ, ಅದೂ ಹೆಚ್ಚಾಗಿ ಹೊಟ್ಟೆಯ ಸುತ್ತ. ಭಾರತೀಯ ಮಹಿಳೆಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಅಪಾಯ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಬಡವರ ಬೊಜ್ಜನ್ನು ನಾಲಗೆಯ ಚಪಲವೆಂದು ಜರಿಯುವವರು ಈ ಹಿನ್ನೆಲೆಯನ್ನು ಮರೆಯಬಾರದು.

ದಿನವಿಡೀ ದುಡಿಯುವವರಿಗೆ ಬೊಜ್ಜು ಹೇಗೆ ಬರುತ್ತದೆ ಎಂಬ ಪ್ರಶ್ನೆ ಏಳಬಹುದು. ಹೊಲಿಗೆ ಯಂತ್ರದ ಮುಂದೆ ಎಂಟು ಗಂಟೆ ಕೂತವಳಿಗೆ ದುಡಿಮೆ ಇರುವುದು ಕಣ್ಣಿಗೆ, ಬೆರಳಿಗೆ, ಬೆನ್ನಿಗೆ. ಗಂಟೆಗಿಷ್ಟು ಎಂಬ ಗುರಿ ಮುಟ್ಟಬೇಕಾದವಳು ಏಳುವಂತಿಲ್ಲ; ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೂ ಕುಡಿಯುವುದಿಲ್ಲ. ಮನೆಗೆ ಬಂದರೆ ಅಡುಗೆ, ಬಟ್ಟೆ, ನೀರು ಹಿಡಿಯುವ ಕೆಲಸ. ಮಲಗುವುದು ತಡ, ಏಳುವುದು ನಸುಕಿಗೆ. ಇಂಥವರಿಗೆ ‘ದಿನಾ ಅರ್ಧ ಗಂಟೆ ನಡೆಯಿರಿ’ ಎಂದು ಬರೆದುಕೊಡುವುದು ಸುಲಭ. ಲಾರಿಗಳ ಸರ್ವಿಸ್ ರಸ್ತೆಯಲ್ಲಿ, ಕತ್ತಲಾದ ಮೇಲೆ, ಆಕೆ ನಡೆಯಬೇಕಾದದ್ದು ಎಲ್ಲಿ?

ನಮ್ಮ ಆರೋಗ್ಯ ವ್ಯವಸ್ಥೆಗೆ ಬಡ ಹೆಣ್ಣುಮಗಳು ಕಾಣುವುದು ಆಕೆ ಬಸುರಿ, ಬಾಣಂತಿಯಾದಾಗ ಮಾತ್ರ. 2017ರ ಮಾತೃಪೂರ್ಣ ಯೋಜನೆಯಂಥ ಒಳ್ಳೆಯ ಕೆಲಸವೂ ಅಲ್ಲಿಗೇ ನಿಂತಿದೆ. 30 ವರ್ಷ ದಾಟಿದವರ ರಕ್ತದೊತ್ತಡ, ಮಧುಮೇಹ ತಪಾಸಿಸುವ ರಾಷ್ಟ್ರೀಯ ಕಾರ್ಯಕ್ರಮವಿದ್ದರೂ ಆರೋಗ್ಯ ಕೇಂದ್ರದ ಬಾಗಿಲು ತೆರೆದಿರುವ ಹಗಲಿನಲ್ಲಿ ಆಕೆ ಕೆಲಸದಲ್ಲಿರುತ್ತಾಳೆ. ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ. ಕಾರ್ಖಾನೆಯವರಿಗೆ ಇಎಸ್‌ಐ ಆದರೂ ಇದೆ, ಮನೆಗೆಲಸದವರಿಗೆ ಅದೂ ಇಲ್ಲ. ಕಾಲಿನ ಗಾಯ ಮಾಯದಿದ್ದಾಗಲೋ, ಒಂದು ಬದಿ ಸ್ವಾಧೀನ ತಪ್ಪಿದಾಗಲೋ ‘ಶುಗರ್’ ಇತ್ತೆಂಬುದು ಗೊತ್ತಾಗುತ್ತದೆ. ಅಷ್ಟರಲ್ಲಿ ಮನೆಯ ಸಂಪಾದನೆ ನಿಂತು, ಸಾಲ ಏರಿ, ತಾಯಿಯನ್ನು ನೋಡಿಕೊಳ್ಳಲು ಮಗಳ ಓದು ನಿಲ್ಲುವ ಹಂತ ಬಂದಿರುತ್ತದೆ.

ಪರಿಹಾರ ದುಸ್ಸಾಧ್ಯವೇನಲ್ಲ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ರಾಗಿ ಮತ್ತು ಬೇಳೆ ಪಡಿತರದಲ್ಲಿ ವರ್ಷವಿಡೀ ಸಿಗುವಂತಾಗಬೇಕು. ಐದು ಕಿಲೋ ಅಕ್ಕಿಯ ಬದಲು ಆಹಾರದ ಕಿಟ್ ನೀಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಅದರಲ್ಲಿ ಬೇಳೆಗೆ ಜಾಗ ಸಿಕ್ಕಿದ್ದು ಸ್ವಾಗತಾರ್ಹ; ಆದರೆ ಎಣ್ಣೆ, ಸಕ್ಕರೆಯ ಬದಲು ಇನ್ನಷ್ಟು ಕಾಳು ಕೊಟ್ಟಿದ್ದರೆ ಹೆಚ್ಚು ಹಿತವಾಗುತ್ತಿತ್ತು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕ್ಯಾಂಟೀನು ಬೇಕೆಂದು 1948ರ ಕಾಯ್ದೆ ಹೇಳಿತ್ತು. 2020ರ ಸಂಹಿತೆ ಆ ಮಿತಿಯನ್ನು 100ಕ್ಕೆ ಇಳಿಸಿದೆ. ಆ ಕ್ಯಾಂಟೀನಿನಲ್ಲಿ ಮುದ್ದೆ, ಕಾಳು, ಸೊಪ್ಪು ಸಿಗುವಂತೆ ಮಾಡುವುದು ಕಷ್ಟವೇ? ಆರೋಗ್ಯ ಕೇಂದ್ರಗಳು ವಾರದಲ್ಲಿ ಎರಡು ಸಂಜೆಯಾದರೂ ತೆರೆದಿರಲಿ; ತಪಾಸಣೆ ಕಾರ್ಖಾನೆಯ ಗೇಟಿಗೇ ಬರಲಿ. 2024ರ ನವೆಂಬರ್‌ನಲ್ಲಿ ಮೆಟ್ರೊ ಮಾದಾವರದವರೆಗೆ ಬಂತು. ಅಷ್ಟು ಮಾಡಬಲ್ಲ ನಗರಕ್ಕೆ ಆಚೆಯ ಊರುಗಳಿಗೊಂದು ಕಾಲುದಾರಿ, ನಾಲ್ಕು ಬೀದಿದೀಪ ಹೊರೆಯಾಗಲಾರವು.

ಸರ್ಕಾರವನ್ನಷ್ಟೇ ದೂರಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಮನೆಗಳ ಪಾತ್ರೆ ತೊಳೆಯುವ ಕೈಗಳಿಗೆ ನಿನ್ನೆಯ ಅನ್ನ, ಹಬ್ಬದಲ್ಲಿ ಉಳಿದ ಸಿಹಿ ಕೊಟ್ಟು ಉದಾರಿಗಳೆನಿಸಿಕೊಳ್ಳುತ್ತೇವೆ. ಅದರ ಬದಲು ವಾರಕ್ಕೊಂದು ಸಂಬಳಸಹಿತ ರಜೆ, ವರ್ಷಕ್ಕೊಮ್ಮೆ ರಕ್ತಪರೀಕ್ಷೆಯ ಖರ್ಚು ಕೊಡಬಹುದು. ಮನೆಯಲ್ಲಿರುವ ಬಿಪಿ ಯಂತ್ರವನ್ನು ತಿಂಗಳಿಗೊಮ್ಮೆ ಅವರ ತೋಳಿಗೂ ಕಟ್ಟಬಹುದು. ‘ಅನ್ನ ಕಡಿಮೆ ಮಾಡಮ್ಮಾ’ ಎಂದು ಬುದ್ಧಿ ಹೇಳುವ ಮೊದಲು, ಅನ್ನದ ಬದಲಿಗೆ ಆಕೆ ಉಣ್ಣಬಹುದಾದದ್ದು ಆಕೆಯ ಕೈಗೆಟುಕುವಂತಿದೆಯೇ ಎಂಬುದನ್ನು ನಾವು ಕೇಳಿಕೊಳ್ಳಬೇಕು.