ಮೊದಲ ಹನಿಗೂ ಮುಂಚೆ ಲಿವರ್ ಪರೀಕ್ಷೆ

‘ಗಿಡದಿಂದ ಬಂದದ್ದು, ಏನು ಕೆಡುಕಾದೀತು?’ ಗಾಂಜಾ ಗಿಡದಿಂದ ತೆಗೆದ ಔಷಧದ ಮಾತು ಬಂದಾಗ ಕೆಲವರು ಹೀಗೆನ್ನುತ್ತಾರೆ. ಇನ್ನು ಕೆಲವರಿಗೆ ಮಗುವಿಗೆ ಮತ್ತೇರೀತೇ ಎಂಬ ಅಳುಕು. ನಿಜವಾಗಿ ಕಾಯಬೇಕಾದ ಅಪಾಯ ಈ ಇಬ್ಬಗೆಯವರ ಕಣ್ಣಿಗೂ ಬೀಳುವುದಿಲ್ಲ.

ಎಪಿಡಿಯೋಲೆಕ್ಸ್ ಅನ್ನೇ ನೋಡಿ. ಗಾಂಜಾ ಗಿಡದಿಂದ ಶುದ್ಧೀಕರಿಸಿದ ಕ್ಯಾನಬಿಡಿಯಾಲ್ (ಸಿಬಿಡಿ) ದ್ರಾವಣ ಅದು. ಮತ್ತೇರಿಸುವುದು ಗಿಡದ ಬೇರೆ ಅಂಶ, ಟಿಎಚ್‌ಸಿ. ಮಾತ್ರೆಗಳಿಗೆ ಸುಲಭವಾಗಿ ಬಗ್ಗದ ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಎಂಬ ಮೂರ್ಛೆರೋಗಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜೂನ್‌ನಲ್ಲಿ ಇದನ್ನು ಒಪ್ಪಿತು.

ಈ ಔಷಧ ಕರಗುವುದು ಲಿವರ್‌ನಲ್ಲಿ. ಮೂರ್ಛೆರೋಗದ ಮಗು ಮೊದಲೇ ನುಂಗುತ್ತಿರುವ ಹಲವು ಮಾತ್ರೆಗಳ ದಾರಿಯೂ ಅದೇ. ಅವುಗಳಲ್ಲೊಂದಾದ ವಾಲ್ಪ್ರೊಯೇಟ್ ಜೊತೆಯಲ್ಲಿದ್ದರೆ ಲಿವರ್ ಕಿಣ್ವಗಳು ಏರುವ ಸಂಭವ ಹೆಚ್ಚು. ಇನ್ನೊಂದು ಮಾತ್ರೆ ಕ್ಲೊಬಜಾಮ್ ಜೊತೆಯಲ್ಲಿದ್ದರೆ ಅದರಿಂದ ಹುಟ್ಟುವ ಇನ್ನೊಂದು ಅಂಶ ರಕ್ತದಲ್ಲಿ ಉಳಿದು ಮಗು ತೂಕಡಿಸತೊಡಗಬಹುದು. ಲಿವರ್ ಹೇಗಿದೆ ಎಂದು ತಿಳಿಯಲೆಂದೇ ಔಷಧ ಶುರುಮಾಡುವ ಮುಂಚೆ ರಕ್ತಪರೀಕ್ಷೆ. ಮತ್ತೆ 1, 3 ಮತ್ತು 6 ತಿಂಗಳಿಗೆ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಚೂರ್ಣ, ಕಷಾಯಗಳ ಪಟ್ಟಿ ಕೈಯಲ್ಲಿರಲಿ. ಔಷಧ ಸೇವಿಸುವ ದೊಡ್ಡವರು ಗರ್ಭಿಣಿಯಾಗಿದ್ದರೆ, ಹಿಂದೆ ಖಿನ್ನತೆ ಕಾಡಿದ್ದರೆ, ಮದ್ಯದ ಅಭ್ಯಾಸವಿದ್ದರೆ ಮುಚ್ಚಿಡಬೇಡಿ. ಎಳ್ಳು ಒಗ್ಗದವರು ಅದನ್ನೂ ಹೇಳಲೇಬೇಕು. ಈ ದ್ರಾವಣದಲ್ಲಿರುವುದು ಎಳ್ಳೆಣ್ಣೆ.

ಅಳತೆಯ ವಿಷಯಕ್ಕೆ ಬರೋಣ. ಒಂದು ಮಿಲಿ ದ್ರಾವಣದಲ್ಲಿ 100 ಮಿಲಿಗ್ರಾಂ ಔಷಧವಿದೆ. ಆರಂಭದ ರೂಢಿಯ ಪ್ರಮಾಣ, ಕಿಲೋ ತೂಕಕ್ಕೆ 2.5 ಮಿಲಿಗ್ರಾಂ, ದಿನಕ್ಕೆ ಎರಡು ಸಲ. 20 ಕಿಲೋ ತೂಗುವ ಮಗುವಿಗೆ ಲೆಕ್ಕಹಾಕಿದರೆ ಒಂದು ಸಲಕ್ಕೆ ಅರ್ಧ ಮಿಲಿ ಮಾತ್ರ. ಅಡುಗೆಮನೆಯ ಟೀ ಚಮಚದಲ್ಲಿ 5 ಮಿಲಿ ಹಿಡಿಯುತ್ತದೆ, ಅಂದರೆ ಹತ್ತು ಪಟ್ಟು! ಬಾಟಲಿಯ ಜೊತೆ ಬರುವ ಸಿರಿಂಜ್ ಬಿಟ್ಟು ಬೇರೇನನ್ನೂ ಬಳಸಬೇಡಿ. ಜಿಡ್ಡಿನ ಊಟದ ಜೊತೆ ಕೊಟ್ಟರೆ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಹಲವು ಪಟ್ಟು ಏರುತ್ತದೆ. ಹಾಗಾಗಿ ಒಂದು ದಿನ ಖಾಲಿ ಹೊಟ್ಟೆ, ಇನ್ನೊಂದು ದಿನ ತುಪ್ಪದನ್ನ ಎಂದು ಮಾಡದೆ ದಿನವೂ ಒಂದೇ ಕ್ರಮದಲ್ಲಿ ಕೊಡಿ.

ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಸಿಗುವ ಸಿಬಿಡಿ ಎಣ್ಣೆ ಇದಕ್ಕೆ ಬದಲಿಯಲ್ಲ. ಚೀಟಿಯಲ್ಲಿ ಬರೆದಷ್ಟು ಅಂಶ ಬಾಟಲಿಯೊಳಗಿಲ್ಲದ ಉತ್ಪನ್ನಗಳನ್ನು ಎಫ್‌ಡಿಎ ಪರೀಕ್ಷೆಗಳೇ ಪತ್ತೆಮಾಡಿವೆ. ಮೂರ್ಛೆರೋಗದ ಮಗುವಿನ ಮೇಲೆ ಅಂಥ ಅಂದಾಜಿನ ಪ್ರಯೋಗ ಸಲ್ಲದು.

ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆದರೆ ಗಾಬರಿಯಲ್ಲಿ ನೀವಾಗಿಯೇ ಔಷಧ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನಷ್ಟು ಜೋರಾಗಿ ಮರಳಬಹುದು. ಶುರುಮಾಡುವುದಾಗಲಿ ನಿಲ್ಲಿಸುವುದಾಗಲಿ, ವೈದ್ಯರನ್ನು ಕೇಳಿಯೇ ಮಾಡಿ.