ಟಿವಿಯನ್ನು ಮನೆಯ ಕಂಪ್ಯೂಟರಿನಲ್ಲಿ ಹಿಡಿದಿಡುವ ಕುರಿತು

"ಎಲ್ಲವೂ ಯೂಟ್ಯೂಬಿನಲ್ಲಿ ಸಿಗುವಾಗ ಈ ರೆಕಾರ್ಡಿಂಗ್ ತಾಪತ್ರಯವೇಕೆ ಸಾರ್?" ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು. ಎಲ್ಲವೂ ಸಿಗುತ್ತದೆಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಉಳಿಯುತ್ತದೆ. ಅದನ್ನು ಕಾಯುವವರು ಬಹಳ ಮಂದಿ. ಆದರೆ ಯಾವುದೋ ಒಂದು ಸಂಜೆ ಚಂದನದಲ್ಲಿ ಬಂದುಹೋದ ಕೃಷಿ ಸಂವಾದವನ್ನು ಕಾಯುವವರು ಯಾರು?

ಪ್ರಸಾರ ಮಾಡಿದವರೇ ಕಾಯುತ್ತಾರೆಂದು ನಂಬುವುದು ಕಷ್ಟ. ಬಿಬಿಸಿಯಂಥ ಸಂಸ್ಥೆಯೇ 1960 ಮತ್ತು 70ರ ದಶಕಗಳಲ್ಲಿ, ಟೇಪು ದುಬಾರಿಯೆಂದು, ಹಳೆಯ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ಮುದ್ರಿಸಿತು. 'ಡಾಕ್ಟರ್ ಹೂ' ಧಾರಾವಾಹಿಯ ಎಷ್ಟೋ ಕಂತುಗಳ ಚಿತ್ರ ಹೀಗೆ ನಾಶವಾಯಿತು. ಅವುಗಳ ಧ್ವನಿ ಮಾತ್ರ ಉಳಿದಿದೆ, ಅದೂ ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಪ್ರೇಕ್ಷಕರ ದೆಸೆಯಿಂದ! ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ ಮೂರು ದಶಕಕ್ಕೂ ಮಿಕ್ಕಿ, 2012ರಲ್ಲಿ ತೀರಿಕೊಳ್ಳುವವರೆಗೆ, ಹಗಲಿರುಳು ಸುದ್ದಿವಾಹಿನಿಗಳನ್ನು ಮುದ್ರಿಸಿ ಸುಮಾರು 70,000 ಕ್ಯಾಸೆಟ್ಟುಗಳನ್ನು ಬಿಟ್ಟುಹೋದರು. ಅಷ್ಟು ಹುಚ್ಚು ನಮಗೆ ಬೇಡ.

ನಾನು 2005ರಲ್ಲಿ ಮನೆಯ ಕಂಪ್ಯೂಟರಿಗೆ ಟಿವಿ ಟ್ಯೂನರ್ ಕಾರ್ಡ್ ಹಾಕಿಸಿದೆ. ಗಣಿತದ ಮೇಷ್ಟ್ರಾದ್ದರಿಂದ ಮೊದಲು ಲೆಕ್ಕ ಹಾಕಿದೆ. ನಮ್ಮ ದೇಶದ ಆಗಿನ ಟಿವಿ ಚಿತ್ರವೆಂದರೆ 720 x 576 ಚುಕ್ಕಿಗಳು. ಚುಕ್ಕಿಗೆ ಎರಡು ಬೈಟ್, ಸೆಕೆಂಡಿಗೆ 25 ಚಿತ್ರ. ಗುಣಿಸಿ ನೋಡಿ, ಗಂಟೆಗೆ ಸುಮಾರು 75 ಗಿಗಾಬೈಟ್. ಎಂಪೆಗ್-2 ವಿಧಾನದಲ್ಲಿ ಅದುಮಿದರೆ ಅದೇ ಎರಡು ಗಿಗಾಬೈಟಿನ ಆಸುಪಾಸಿಗೆ ಇಳಿಯುತ್ತದೆ. ಹಾರ್ಡ್ ಡಿಸ್ಕ್ ಹಳೆಯ ಫ್ಯಾಟ್32 ಕ್ರಮದಲ್ಲಿದ್ದರೆ ಒಂದು ಕಡತ ನಾಲ್ಕು ಗಿಗಾಬೈಟ್ ಮೀರುವಂತಿಲ್ಲ, ಅಂದರೆ ಎರಡು ಗಂಟೆಯ ಯಕ್ಷಗಾನದಲ್ಲಿ ಮಂಗಳಕ್ಕೆ ಕುತ್ತು. ಆದ್ದರಿಂದ ಎನ್‌ಟಿಎಫ್‌ಎಸ್ ಮಾಡಿಸಿಕೊಂಡೆ.

ಹಾಗೆ ಹಿಡಿದಿಟ್ಟದ್ದರಲ್ಲಿ, ನಮ್ಮ ಅತ್ತಿಗೆಯ ತಂದೆಯವರು ಅಡಿಕೆಯ ಕೊಳೆರೋಗದ ಬಗ್ಗೆ ಮಾತನಾಡಿದ ಹತ್ತು ನಿಮಿಷವೂ ಇದೆ. ಅವರೀಗ ಇಲ್ಲ. ಬೋರ್ಡೋ ದ್ರಾವಣ ಯಾವಾಗ ಸಿಂಪಡಿಸಬೇಕೆಂಬುದು ಮೊಮ್ಮಕ್ಕಳಿಗೆ ಬೇಕಿಲ್ಲ. ಅಜ್ಜ ಮಾತಿನ ನಡುವೆ ಮುಂಡಾಸು ಸರಿಪಡಿಸಿಕೊಳ್ಳುವುದನ್ನು ಅವರು ಮತ್ತೆ ಮತ್ತೆ ನೋಡುತ್ತಾರೆ.

2013ರಲ್ಲಿ ಬೆಂಗಳೂರು, ಮೈಸೂರುಗಳ ಕೇಬಲ್ ಡಿಜಿಟಲ್ ಆಗಲೇಬೇಕೆಂದಾಯಿತು, ಬಳಿಕ ಉಳಿದ ಊರುಗಳ ಸರದಿ ಬಂತು. ಆ ಕಾರ್ಡು ವ್ಯರ್ಥವಾಯಿತು. ಸೆಟ್ ಟಾಪ್ ಬಾಕ್ಸಿನ ಹಳದಿ, ಬಿಳಿ, ಕೆಂಪು ತಂತಿಗಳನ್ನು ಕಂಪ್ಯೂಟರಿಗೆ ತರುವ ಯುಎಸ್‌ಬಿ ಸಾಧನವೇ ಆಮೇಲೆ ಗತಿಯಾಯಿತು. ರೆಕಾರ್ಡ್ ಮಾಡುವ ಪೆಟ್ಟಿಗೆಯನ್ನು ಕಂಪನಿಗಳೇ ಕೊಟ್ಟವು, ನಿಜ. ಆದರೆ ಅದರಲ್ಲಿ ಮುದ್ರಿಸಿದ್ದನ್ನು ಬೇರೆಡೆ ಒಯ್ಯಲು ಬಿಡದಿದ್ದರೆ, ಪೆಟ್ಟಿಗೆ ಕೆಟ್ಟ ದಿನ ಎಲ್ಲವೂ ಹೋದಂತೆಯೇ. ಇದನ್ನು ನಾನು ಸಂಗ್ರಹವೆನ್ನಲಾರೆ, ಬಾಡಿಗೆ ಎನ್ನುತ್ತೇನೆ.

ಇದು ಕಳ್ಳತನವಲ್ಲವೇ ಎಂಬ ಸಂಕೋಚವೂ ಕೆಲವರಿಗಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ, ಐದಕ್ಕೆ ನಾಲ್ಕರ ಬಹುಮತದಿಂದ, ಆಮೇಲೆ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲವೆಂದಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ವಿಧಿಯೂ ಖಾಸಗಿ ಬಳಕೆಯ ನ್ಯಾಯಯುತ ಉಪಯೋಗಕ್ಕೆ ಅವಕಾಶ ಕೊಡುತ್ತದೆ. ಮಾರುವುದು, ಊರಿಗೆಲ್ಲ ಹಂಚುವುದು ಬೇರೆಯೇ ಮಾತು.

ನಿಮ್ಮ ಅಟ್ಟದ ಮೇಲೆ ವಿಎಚ್‌ಎಸ್ ಕ್ಯಾಸೆಟ್ಟುಗಳಿದ್ದರೆ ಈ ಬೇಸಿಗೆ ರಜೆಯಲ್ಲೇ ಇಳಿಸಿ. ವಿಸಿಆರ್ ತಯಾರಿಕೆ 2016ಕ್ಕೇ ನಿಂತುಹೋಯಿತು, ಇರುವವನ್ನು ರಿಪೇರಿ ಮಾಡುವವರೂ ಕಡಿಮೆಯಾಗುತ್ತಿದ್ದಾರೆ. ಮೇಲೆ ಹೇಳಿದ ಯುಎಸ್‌ಬಿ ಸಾಧನವೇ ಸಾಕು. ಪ್ರತಿ ಕಡತಕ್ಕೂ ದಿನಾಂಕ ಮತ್ತು ಅದರಲ್ಲಿರುವವರ ಹೆಸರು ಬರೆಯಿರಿ. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರುವ ತಮ್ಮನದೋ ತಂಗಿಯದೋ ಮನೆಯಲ್ಲಿರಲಿ.