ಹಾಡು, ಕಥೆಗಳಲ್ಲಿ ಉಳಿದ ಹಕ್ಕಿನ ದನಿ

ವರ್ಷವರ್ಷವೂ ಡಿಸೆಂಬರ್ 10ರಂದು ಮಾನವ ಹಕ್ಕುಗಳ ದಿನದ ಭಾಷಣಗಳಾಗುತ್ತವೆ. 1948ರಲ್ಲಿ ವಿಶ್ವಸಂಸ್ಥೆ ಹೊರಡಿಸಿದ ಘೋಷಣೆಯ ಪ್ರಸ್ತಾಪ ಬರುತ್ತದೆ. ಬರಬೇಕಾದುದೇ. ಆದರೆ ಹಕ್ಕೆಂಬುದು ಪರದೇಶದಿಂದ ಬಂದ ಮಾತೆಂದು ನಮ್ಮ ಮಕ್ಕಳು ತಿಳಿಯಬಾರದು. ಕಾಸರಗೋಡಿನ ನೆಲದಲ್ಲಿ ಅದು ಕಲೆಯಾಗಿಯೂ ಕಥೆಯಾಗಿಯೂ ಬೇರೂರಿದೆ.

ಪೊಟ್ಟನ್ ತೆಯ್ಯವನ್ನು ನೋಡಿ. ದಾರಿ ಬಿಡೆಂದ ಶಂಕರಾಚಾರ್ಯರಿಗೆ ಪುಲಯನೊಬ್ಬ ಎದುರಾಡಿದ ಕಥೆ ಅದು. ನಮ್ಮನ್ನು ಕಡಿದರೂ ನಿಮ್ಮನ್ನು ಕಡಿದರೂ ಬರುವ ನೆತ್ತರು ಒಂದೇ ಅಲ್ಲವೇ ಎಂಬುದು ಅವನ ಪ್ರಶ್ನೆಯ ತಿರುಳು. ಕೆಂಡದ ಮೇಲೆ ಒರಗುವ ಆ ದೈವಕ್ಕೆ ಎಲ್ಲ ಜಾತಿಯವರೂ ಕೈಮುಗಿಯುತ್ತಾರೆ. ಕೋಲ ಕಟ್ಟಿದವನನ್ನು ಮರುದಿನ ದೂರ ನಿಲ್ಲಿಸಿದ ಕಾಲವೂ ಇತ್ತೆಂಬುದನ್ನು ಮರೆಯಲಾಗದು. ಪ್ರಶ್ನೆ ಈಗಲೂ ಮುಗಿದಿಲ್ಲ.

ಇನ್ನು ಕಯ್ಯೂರು. ಜನ್ಮಿಗಳ ಅಕ್ರಮ ವಸೂಲಿ, ದಬ್ಬಾಳಿಕೆಗಳ ವಿರುದ್ಧ ಒಕ್ಕಲುಗಳು ಸಂಘ ಕಟ್ಟಿದರು. 1941ರ ಮಾರ್ಚ್ 28ರಂದು ಮೆರವಣಿಗೆಯವರ ಕೈಗೆ ಸಿಕ್ಕಿದ ಪೋಲೀಸನೊಬ್ಬ ಹೊಳೆಗೆ ಹಾರಿ, ಕಲ್ಲೇಟಿಗೂ ಗುರಿಯಾಗಿ ಸತ್ತ. ಆ ಮೊಕದ್ದಮೆಯಲ್ಲಿ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಹುತಾತ್ಮರನ್ನು ನೆನೆಯುವಾಗ ಸತ್ತ ಆ ಪೋಲೀಸನೂ ಮನುಷ್ಯನೇ ಎಂಬುದನ್ನು ನೆನೆಯದಿದ್ದರೆ ಮಾನವ ಹಕ್ಕಿನ ಮಾತಿಗೆ ಅರ್ಥವಿಲ್ಲ.

ಈ ಮಲೆಯಾಳ ಹಳ್ಳಿಯ ಕಥೆಯನ್ನು ಕಾದಂಬರಿಯಾಗಿಸಿದವರು ಕನ್ನಡದ ನಿರಂಜನರು. ನೀಲೇಶ್ವರದಲ್ಲಿ ಓದಿದ್ದ ಅವರಿಗೆ ಈ ನೆಲದ ಪರಿಚಯವಿತ್ತು. 1955ರಲ್ಲಿ ಪ್ರಕಟವಾದ ಅವರ 'ಚಿರಸ್ಮರಣೆ' ಆಮೇಲೆ ಮಲೆಯಾಳಕ್ಕೂ ಹೋಯಿತು. ಊರಿನ ನೋವು ಕನ್ನಡದಲ್ಲಿ ಕಥೆಯಾಗಿ, ಊರಿನ ಭಾಷೆಗೇ ಮರಳಿತು. ಇದು ನಮಗೆ ಹೆಮ್ಮೆಯ ಸಂಗತಿ. ಆದರೆ ನಮ್ಮ ಎಷ್ಟು ಶಾಲೆಗಳ ಕಪಾಟಿನಲ್ಲಿ ಈ ಪುಸ್ತಕವಿದೆ? ಇದ್ದಲ್ಲಿ ಎಷ್ಟು ಮಕ್ಕಳ ಕೈಗೆ ಬಂದಿದೆ?

ಭಾಷಾ ಅಲ್ಪಸಂಖ್ಯಾತರಾದ ನಾವು ಹಕ್ಕಿನ ಮಾತನ್ನು ಮತ್ತೆಮತ್ತೆ ಆಡಬೇಕಾದವರು. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಹೇಳುತ್ತದೆ. ಅದನ್ನು ಕೇಳಲೇಬೇಕು. ಆದರೆ ನೆರೆಯವನ ನೋವನ್ನು ನಮ್ಮ ನುಡಿಯಲ್ಲಿ ಬರೆದಿಟ್ಟವರೆಂಬ ಬಲದೊಡನೆ ಕೇಳಿದರೆ ನಮ್ಮ ದನಿ ಬೇಡುವವರ ದನಿಯಾಗದು, ಜಗಳಗಂಟರ ದನಿಯೂ ಆಗದು.

ಅಧ್ಯಾಪಕರೂ ಯುವಕ ಸಂಘಗಳೂ ಈ ಸಲ ಭಾಷಣ ಕಡಿಮೆ ಮಾಡಿ 'ಚಿರಸ್ಮರಣೆ'ಯನ್ನು ಮಕ್ಕಳಿಂದ ಓದಿಸಲಿ, ಅದರ ಒಂದು ಭಾಗವನ್ನು ಆಡಿಸಲಿ. ಕಯ್ಯೂರಿಗೆ ಕರೆದೊಯ್ಯಲಿ. ಮಲೆಯಾಳ ಮಾಧ್ಯಮದ ಮಕ್ಕಳನ್ನೂ ಜೊತೆಗೆ ಕರೆಯಲಿ. ಖರ್ಚು ಹೆಚ್ಚೇನೂ ಇಲ್ಲ, ಮನಸ್ಸು ಬೇಕು.